ದಂತವೈದ್ಯೆಯ ಗಡ್ಡ

ಅಂಗಡಿಗಳ ತಕ್ಕಡಿ, ತೂಕದ ಬಟ್ಟು, ಅಳತೆಯ ಪಾತ್ರೆಗಳನ್ನು ಪರೀಕ್ಷಿಸುವ ಸರ್ಕಾರಿ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಸವೆಸಿದ ಒಬ್ಬ ಪರೀಕ್ಷಕನಿದ್ದ. ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಕಚೇರಿಯಲ್ಲಿ, ಬೀದಿಯಲ್ಲಿ, ಅವನಿದ್ದ ನಾಲ್ಕು ಮಹಡಿಯ ಕಟ್ಟಡದಲ್ಲಿ, ಎಲ್ಲರ ಬಾಯಲ್ಲೂ ಅವನು ತಕ್ಕಡಿಯಪ್ಪ. ಆ ಹೆಸರು ವೃತ್ತಿಯಿಂದ ಬಂದದ್ದೋ ಸ್ವಭಾವದಿಂದ ಬಂದದ್ದೋ ಹೇಳುವುದು ಕಷ್ಟ. ಕೊಡೆ ಒಯ್ಯಬೇಕೋ ಬೇಡವೋ ಎಂದು ಅವನು ತೀರ್ಮಾನಿಸುವುದರೊಳಗೆ ಬಸ್ಸು ಎರಡು ನಿಲ್ದಾಣ ದಾಟಿರುತ್ತಿತ್ತು.

ಅವನ ಹೆಂಡತಿಯ ತಾಯಿ ಅವರ ಮನೆಗೆ ಬಂದು ಎರಡು ವರ್ಷವಾಗಿತ್ತು. ಅತ್ತೆ ನ್ಯಾಯಾಲಯದಲ್ಲಿ ಶೀಘ್ರಲಿಪಿ ಬರೆಯುತ್ತಿದ್ದವರು. ಮೂವತ್ತೆರಡು ವರ್ಷ ಊರ ಜನರ ಜಗಳವನ್ನೆಲ್ಲ ಒಂದಕ್ಷರ ಬಿಡದೆ ಬರೆದುಕೊಂಡು ನಿವೃತ್ತರಾಗಿದ್ದರು. ಬರುವಾಗ ಒಂದು ಪೆಟ್ಟಿಗೆ ಬಟ್ಟೆ, ಮೂರು ಪೆಟ್ಟಿಗೆ ಪುಸ್ತಕ ತಂದಿದ್ದರು. ಅತ್ತೆ ಅಳಿಯನ ನಡುವೆ ಆಗಿದ್ದ ಮಾತುಕತೆಯನ್ನೆಲ್ಲ ಕೂಡಿಸಿದರೂ ಒಂದು ಅಂಚೆ ಕಾರ್ಡು ತುಂಬುತ್ತಿರಲಿಲ್ಲ. "ಊಟ ಆಯ್ತಾ?" "ಆಯ್ತು. ನಿಮ್ದು?" "ಆಯ್ತು."

ಹೀಗಿರುವಾಗ ಅತ್ತೆಯ ಎರಡೂ ಕಣ್ಣಿನ ಪೊರೆ ತೆಗೆಸಬೇಕಾಯಿತು. ಆರು ವಾರ ಪುಸ್ತಕ ಮುಟ್ಟಕೂಡದೆಂದು ಡಾಕ್ಟರು ಅಪ್ಪಣೆ ಮಾಡಿದರು. ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅವಳದು ಸಂಜೆ ಪಾಳಿ. ಉಳಿದವನು ಅಳಿಯ ಒಬ್ಬನೇ.

"ನೀವು ಗಟ್ಟಿಯಾಗಿ ಓದಿ, ನಾನು ಕೇಳ್ತೀನಿ," ಅಂದರು ಅತ್ತೆ. "ಪೆಟ್ಟಿಗೆ ಮೇಲೆ ಇರೋ ಪುಸ್ತಕ. ಅರವತ್ತೆರಡನೇ ಪುಟ."

ಮುಖಪುಟದಲ್ಲಿ ಒಂದು ಬ್ರೆಡ್ಡು, ಒಂದು ಬೆಂಕಿ ಆರಿಸುವ ಕೊಳವೆ ಇತ್ತು. ಗೃಹ ಸುರಕ್ಷತೆಯ ಪುಸ್ತಕವಿರಬೇಕೆಂದು ತಕ್ಕಡಿಯಪ್ಪ ಧೈರ್ಯವಾಗಿ ಶುರುಮಾಡಿದ. ಒಬ್ಬ ಬೇಕರಿಯವನು, ಒಬ್ಬ ಅಗ್ನಿಶಾಮಕ ದಳದವನು. ಬೇಕರಿಯಲ್ಲಿ ಹೊಗೆ ಬರುತ್ತದೆ, ದಳದವನು ಬರುತ್ತಾನೆ, ಹೊಗೆ ಹೋಗುತ್ತದೆ, ದಳದವನು ಹೋಗುವುದಿಲ್ಲ. ಎಪ್ಪತ್ತನೇ ಪುಟಕ್ಕೆ ಬೇಕರಿಯವನು ದಳದವನ ಕೈ ಹಿಡಿದ. ತಕ್ಕಡಿಯಪ್ಪ ಓದು ನಿಲ್ಲಿಸಿದ.

"ಅತ್ತೆ, ಇಲ್ಲಿ ಅಚ್ಚಿನ ತಪ್ಪಿದೆ."

"ಏನು?"

"'ಅವನು' ಅಂತ ಬಿದ್ದಿದೆ. 'ಅವಳು' ಅಂತ ಇರಬೇಕಿತ್ತು."

"ಎಷ್ಟು ಕಡೆ ಬಿದ್ದಿದೆ?"

ಅವನು ಹಾಳೆ ಮಗುಚಿ ಮಗುಚಿ ನೋಡಿದ. "ಪುಸ್ತಕ ಪೂರ್ತಿ."

"ಅಷ್ಟು ಕಡೆ ಇದ್ರೆ ಅದು ತಪ್ಪಲ್ಲ. ಮುಂದಕ್ಕೆ ಓದಿ."

ತಕ್ಕಡಿಯಪ್ಪ ಮುಂದಕ್ಕೆ ಓದಿದ. ಮೊದಲು ಗಂಟಲು ಸರಿಮಾಡಿಕೊಳ್ಳುತ್ತ ಓದಿದ, ಆಮೇಲೆ ಸರಾಗವಾಗಿ ಓದಿದ. ಏಳೂವರೆಗೆ ಅತ್ತೆ "ಇವತ್ತಿಗೆ ಸಾಕು" ಅಂದಾಗ "ಇನ್ನೊಂದು ಅಧ್ಯಾಯ?" ಎಂದು ಕೇಳಿದವನು ಅವನೇ.

ಆ ಪುಸ್ತಕ ನಾಲ್ಕು ದಿನದಲ್ಲಿ ಮುಗಿಯಿತು. ಎರಡನೆಯದರಲ್ಲಿ ಒಬ್ಬ ಪಶುವೈದ್ಯ, ಒಬ್ಬ ಪಿಯಾನೋ ಶ್ರುತಿ ಮಾಡುವವನು. ಮೂರನೆಯದರಲ್ಲಿ ಗಡಿಯಾರ ರಿಪೇರಿಯವನು ಮತ್ತು ಯಾವಾಗಲೂ ತಡವಾಗಿ ಬರುವ ಒಬ್ಬ ವಕೀಲ. ಎಲ್ಲದರಲ್ಲೂ ಇಬ್ಬರು ಗಂಡಸರು, ಇಬ್ಬರಿಗೂ ಒಂದೊಂದು ಮೊಂಡುತನ, ಮುಕ್ಕಾಲು ಪುಸ್ತಕಕ್ಕೆ ಒಂದು ಜಗಳ, ಕೊನೆಗೆ ರಾಜಿ. ರಾಜಿಯಾಗುತ್ತದೆಂದು ಗೊತ್ತಿದ್ದೂ ತಕ್ಕಡಿಯಪ್ಪನ ಎದೆ ಪ್ರತಿಸಲವೂ ಡವಗುಟ್ಟುತ್ತಿತ್ತು. ಸಂಜೆಯ ಓದು ಸಾಲದೆ ಅವನು ಪುಸ್ತಕವನ್ನು ಕಚೇರಿಗೂ ಒಯ್ಯತೊಡಗಿದ. ಒಂದು ದಿನ ಕಿರಾಣಿ ಅಂಗಡಿಯೊಂದರ ತಪಾಸಣೆಗೆ ಹೋದಾಗ ಗಡಿಯಾರದವನು ವಕೀಲನನ್ನು ಬಿಟ್ಟುಹೋಗುವ ಪುಟದಲ್ಲಿ ಬೆರಳಿಟ್ಟುಕೊಂಡೇ ಹೋಗಿದ್ದ. ತಕ್ಕಡಿಯ ಮುಂದೆ ನಿಂತವನ ಕಣ್ಣಿನಿಂದ ನೀರು ಇಳಿಯಿತು. ಅಂಗಡಿಯವನು ಬೆವರಿದ.

"ಸಾರ್, ನೀವು ಹೀಗೆ ಅತ್ರೆ ನಂಗೆ ತಡ್ಕೊಳ್ಳಕ್ಕಾಗಲ್ಲ. ಹೇಳಿಬಿಡ್ತೀನಿ. ಇಪ್ಪತ್ತು ಗ್ರಾಂ ಕಡಿಮೆ ಇದೆ. ಮೂರು ವರ್ಷದಿಂದ."

ಇಲಾಖೆಯ ಚರಿತ್ರೆಯಲ್ಲಿ ಬಟ್ಟು ಇಡದೆಯೇ ಪತ್ತೆಯಾದ ಮೊದಲ ಮೋಸ ಅದು. ಮೇಲಧಿಕಾರಿ ಬೆನ್ನು ತಟ್ಟಿದರು.

ಮನೆಯಲ್ಲೂ ಬದಲಾವಣೆ ಕಾಣಿಸಿತು. ಬೇಕರಿಯವನು ದಳದವನನ್ನು ದಿನಾ ಸಂಜೆ ಒಂದು ಮಾತು ಕೇಳುತ್ತಿದ್ದ. ತಕ್ಕಡಿಯಪ್ಪ ಅದನ್ನೇ, ಪಾಳಿ ಮುಗಿಸಿ ಬಂದು ಚಪ್ಪಲಿ ಬಿಚ್ಚುತ್ತಿದ್ದ ಹೆಂಡತಿಯನ್ನು ಕೇಳಿದ: "ಇವತ್ತು ನಿಂಗೆ ಎಲ್ಲಿ ನೋಯ್ತು?"

ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಇಂಥ ಪ್ರಶ್ನೆ ಅವಳ ಕಿವಿಗೆ ಬಿದ್ದಿರಲಿಲ್ಲ. ಅವನ ಮುಖವನ್ನೇ ನೋಡಿ, ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅವನ ರಕ್ತ ತೆಗೆದುಕೊಂಡು ಹೋದಳು. ಸಕ್ಕರೆ, ಯಕೃತ್ತು, ಥೈರಾಯ್ಡು, ಎಲ್ಲ ನೋಡಿಸಿದಳು.

"ಎಲ್ಲಾ ಸರಿಯಾಗೇ ಇದೆ," ಎಂದು ವರದಿಯನ್ನು ಮೇಜಿನ ಮೇಲಿಟ್ಟಳು. ಕುರ್ಚಿ ಎಳೆದು ಕೂತು, "ಎಡಗಾಲು. ಹಿಮ್ಮಡಿ," ಅಂದಳು.

ಇಲ್ಲಿಯವರೆಗೆ ಎಲ್ಲ ಸುಖವಾಗಿಯೇ ಇತ್ತು. ಕೆಟ್ಟದ್ದು ನೆಲಮಹಡಿಯ ಹೆಡ್‌ಮಾಸ್ತರರಿಂದ. ಅವರು ನಿವೃತ್ತರು. ನಲವತ್ತು ವರ್ಷ ವ್ಯಾಕರಣ ಕಲಿಸಿ, ಈಗ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಹೋಗಿಬರುವವರ ಮಾತು ತಿದ್ದುತ್ತಿದ್ದರು. ಒಂದು ಸಂಜೆ ತಕ್ಕಡಿಯಪ್ಪ ಮೆಟ್ಟಿಲನ್ನು ಎರಡೆರಡು ಹಾರಿ ಹೋಗುವುದನ್ನು ಕಂಡರು.

"ಏನು ಅವಸರ?"

"ಅತ್ತೆಗೆ ಓದಿ ಹೇಳ್ಬೇಕು ಸಾರ್."

"ಭೇಷ್. ಏನು ಓದ್ತೀರಿ?"

ನಿಜ ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಕ್ಕಡಿಯಪ್ಪನಿಗೆ ಆ ಹೊತ್ತಿನಲ್ಲಿ ಸ್ವಲ್ಪ ದೊಡ್ಡವನಾಗಿ ಕಾಣುವ ಆಸೆ ಹುಟ್ಟಿತು. "ಗ್ರಂಥ ಸಾರ್. ಇಬ್ಬರು ಮಹನೀಯರ ಬದುಕಿನದು."

"ಜೀವನಚರಿತ್ರೆಯೋ?"

"ಹೂಂ... ಆ ಜಾತಿಯದೇ."

ಎರಡು ದಿನದಲ್ಲಿ ಸುದ್ದಿ ನಾಲ್ಕೂ ಮಹಡಿ ಹತ್ತಿಳಿಯಿತು. ಕಣ್ಣು ಕಾಣದ ಅತ್ತೆಗೆ ಮಹನೀಯರ ಚರಿತ್ರೆ ಓದಿ ಹೇಳುವ ಅಳಿಯ. ಕಟ್ಟಡದ ಇತರ ಅಳಿಯಂದಿರ ಬಾಳು ಹದಗೆಟ್ಟಿತು. ಎರಡನೇ ಮಹಡಿಯ ಟೈಲರಮ್ಮ ತನ್ನ ಅಳಿಯನಿಗೆ ಫೋನಿನಲ್ಲಿ, "ನೀನು ನಂಗೆ ಬಸ್ಸಿನ ಬೋರ್ಡಾದ್ರೂ ಓದಿ ಹೇಳಿದ್ದೀಯೇನಪ್ಪಾ?" ಎಂದು ಕೇಳಿದ್ದು ಎಲ್ಲರಿಗೂ ಕೇಳಿಸಿತು.

ಶುಕ್ರವಾರ ಸಂಜೆ ಬಾಗಿಲು ಬಡಿದ ಸದ್ದಾಯಿತು. ಹೆಡ್‌ಮಾಸ್ತರರು, ಟೈಲರಮ್ಮ, ಕಟ್ಟಡ ಸಂಘದ ಸೆಕ್ರೆಟರಿ, ಮೊದಲ ಮಹಡಿಯ ಔಷಧಿ ಅಂಗಡಿಯವರು, ಅವರ ಹಿಂದೆ ಇನ್ನೂ ನಾಲ್ಕಾರು ಜನ, ತಮ್ಮ ತಮ್ಮ ಕುರ್ಚಿ ಹಿಡಿದು ನಿಂತಿದ್ದರು. ಔಷಧಿ ಅಂಗಡಿಯವರು ಮಿತಭಾಷಿ. ಮನೆಯವರಿಗೆ ಬೇರೆ ಊರಿನಲ್ಲಿ ಕೆಲಸವಾದ್ದರಿಂದ ಒಬ್ಬರೇ ಇರುತ್ತಿದ್ದರು.

"ನಾವೂ ಕೇಳಬಹುದೇ?" ಅಂದರು ಹೆಡ್‌ಮಾಸ್ತರರು.

"ಬನ್ನಿ ಬನ್ನಿ," ಅಂದರು ಒಳಗಿನಿಂದ ಅತ್ತೆ, ಅಳಿಯ ಬಾಯಿ ತೆರೆಯುವ ಮೊದಲೇ.

ಅಂದು ಕೈಯಲ್ಲಿದ್ದದ್ದು ಹೊಸ ಪುಸ್ತಕ. ಅತ್ತೆಯ ಪೆಟ್ಟಿಗೆಯದಲ್ಲ, ತಕ್ಕಡಿಯಪ್ಪ ತಾನೇ ಅಂಗಡಿಗೆ ಹೋಗಿ, ಅರ್ಧ ಗಂಟೆ ಕಪಾಟಿನ ಮುಂದೆ ತೂಗಾಡಿ ಆರಿಸಿ ತಂದದ್ದು. ದೋಣಿ ರಿಪೇರಿಯವನೊಬ್ಬ, ದಂತವೈದ್ಯನೊಬ್ಬ. ಹನ್ನೊಂದು ಜನ ಕೈಕಟ್ಟಿ ಕೂತರು. ಮೊದಲ ಸಾಲಿನಲ್ಲೇ ದಂತವೈದ್ಯ ಎದುರಾದ. ತಕ್ಕಡಿಯಪ್ಪ ಹೆದರಿ, ಅವನನ್ನು ಅಲ್ಲೇ ದಂತವೈದ್ಯೆ ಮಾಡಿಬಿಟ್ಟ.

ನಮ್ಮ ಭಾಷೆಯಲ್ಲಿ ಇದು ಸಾಮಾನ್ಯ ಸಾಹಸವಲ್ಲ. ಹೆಸರು ಬದಲಿಸಿದರೆ ಮುಗಿಯುವುದಿಲ್ಲ. ಬಂದ, ಹೋದ, ನಕ್ಕ, ಕೂತ, ಪ್ರತಿಯೊಂದು ಕ್ರಿಯಾಪದದ ಬಾಲವನ್ನೂ ಹಿಡಿದು ತಿರುಚಬೇಕು. ಪುಟಕ್ಕೆ ನಲವತ್ತು ಬಾಲ. ಕಣ್ಣು ಮುಂದಿನ ಸಾಲಿಗೆ, ನಾಲಗೆ ಹಿಂದಿನ ಸಾಲಿಗೆ ಓಡುತ್ತಿರಲು, ಮೂರನೇ ಪುಟದಲ್ಲಿ ತಕ್ಕಡಿಯಪ್ಪ ಸ್ಪಷ್ಟವಾದ ದನಿಯಲ್ಲಿ ಓದಿದ:

"ದಂತವೈದ್ಯೆ ಕನ್ನಡಿಯ ಮುಂದೆ ನಿಂತು ನಿಧಾನವಾಗಿ ಗಡ್ಡ ಬೋಳಿಸಿಕೊಂಡಳು."

ಹನ್ನೊಂದು ಜನವೂ ಕಟ್ಟಿದ ಕೈ ಬಿಚ್ಚಿದರು.

"ಹಾರ್ಮೋನಿನ ತೊಂದರೆ ಇರಬಹುದು," ಅಂದರು ಔಷಧಿ ಅಂಗಡಿಯವರು ಮೆಲ್ಲಗೆ. "ಅದಕ್ಕೆ ಮಾತ್ರೆ ಇದೆ."

"ಪಾಪ," ಅಂದಳು ಟೈಲರಮ್ಮ.

ಕಪ್ಪು ಕನ್ನಡಕ ಹಾಕಿ ಕೂತಿದ್ದ ಅತ್ತೆಯ ಭುಜ ಕುಲುಕುತ್ತಿತ್ತು. ಕೆಮ್ಮು ಬಂದಿರಬೇಕೆಂದು ಯಾರೋ ನೀರು ತಂದುಕೊಟ್ಟರು.

ಮರುದಿನ ಕುರ್ಚಿಗಳು ಹದಿನೇಳಾದವು. ಗಡ್ಡದ ದಂತವೈದ್ಯೆಯ ಕಷ್ಟ ಕೇಳಿ ಕಟ್ಟಡವೇ ಕರಗಿತ್ತು. ತಕ್ಕಡಿಯಪ್ಪ ಎಚ್ಚರಿಕೆಯಿಂದಲೇ ಓದಿದ. ಆದರೂ ದಂತವೈದ್ಯೆ ಶನಿವಾರ ಅಂಗಿ ಕಳಚಿ ಹರಿಯುವ ಹೊಳೆಗೆ ಧುಮುಕಿದಳು, ಭಾನುವಾರ ಗಂಡಸರ ಹಗ್ಗಜಗ್ಗಾಟದಲ್ಲಿ ಗೆದ್ದಳು, ಸೋಮವಾರ ಅವಳ ತಂದೆ ಅವಳನ್ನು "ಒಬ್ಬನೇ ಮಗನೇ" ಎಂದು ತಬ್ಬಿಕೊಂಡ.

"ಗಂಡುಮಗು ಇಲ್ಲ ಅಂತ ಆಯಪ್ಪನಿಗೆ ಕೊರಗು," ಎಂದು ಟೈಲರಮ್ಮ ಪಕ್ಕದವರಿಗೆ ವಿವರಿಸಿದಳು. "ಆದ್ರೂ ನೋಡಿ, ಗಡ್ಡ ಇದ್ರೂ ದೋಣಿಯವನು ಅವಳನ್ನ ಬಿಡಲಿಲ್ಲ. ಪ್ರೀತಿ ಅಂದ್ರೆ ಅದು."

ಹೆಡ್‌ಮಾಸ್ತರರು ಮಾತ್ರ ಸಣ್ಣ ಪುಸ್ತಕವೊಂದರಲ್ಲಿ ಏನೇನೋ ಗುರುತು ಹಾಕಿಕೊಳ್ಳುತ್ತಿದ್ದರು. ಸೋಮವಾರ ದೋಣಿಯವನು ಸಿಟ್ಟು ಮಾಡಿಕೊಂಡು ಹೋಗುವಲ್ಲಿಗೆ ಓದು ನಿಂತದ್ದೇ ಎದ್ದು ಬಂದು ಕೈ ಚಾಚಿದರು. "ಆ ಗ್ರಂಥ ಒಂದು ದಿನದ ಮಟ್ಟಿಗೆ ಕೊಡಿ."

ಹೆಡ್‌ಮಾಸ್ತರರಿಗೆ ಇಲ್ಲವೆನ್ನುವ ಶಕ್ತಿ ತಕ್ಕಡಿಯಪ್ಪನಿಗೆ ಒಂದನೇ ತರಗತಿಯಿಂದಲೂ ಇರಲಿಲ್ಲ. ಕೊಟ್ಟ.

ಬುಧವಾರ ಲಿಫ್ಟಿನ ಪಕ್ಕ ನೋಟೀಸು ಅಂಟಿತ್ತು. "ಮೂರನೇ ಮಹಡಿಯಲ್ಲಿ ಓದಲಾಗುತ್ತಿರುವ ಗ್ರಂಥದ ಬಗ್ಗೆ ಹೆಡ್‌ಮಾಸ್ತರರು ಗಂಭೀರ ಆಕ್ಷೇಪಣೆ ಸಲ್ಲಿಸಿದ್ದು, ಗುರುವಾರ ಸಂಜೆ ತುರ್ತು ಸಭೆ ಕರೆಯಲಾಗಿದೆ."

ತಕ್ಕಡಿಯಪ್ಪ ಕಚೇರಿಯಲ್ಲಿ ಕೂತು ಒಂದು ಲಿಖಿತ ಹೇಳಿಕೆ ತಯಾರಿಸಿದ. "ಸದರಿ ಪುಸ್ತಕವು ನನ್ನ ಅತ್ತೆಯವರದಾಗಿದ್ದು, ಅವರ ಒತ್ತಾಯದ ಮೇರೆಗೆ ನಾನು ಓದಿರುತ್ತೇನೆಯೇ ಹೊರತು ಅದರಲ್ಲಿ ನನ್ನ ಪಾತ್ರವೇನೂ ಇರುವುದಿಲ್ಲ." ಬರೆದು, ನಾಲ್ಕಾಗಿ ಮಡಚಿ, ಜೇಬಿಗೆ ಹಾಕಿಕೊಂಡ.

ಸಭೆ ನೆಲಮಹಡಿಯಲ್ಲಿ, ನೀರಿನ ಪಂಪಿನ ಪಕ್ಕ. ಅತ್ತೆ ಮಗಳ ಕೈ ಹಿಡಿದು ಬಂದು ಮುಂದಿನ ಸಾಲಿನಲ್ಲಿ ಕೂತರು. ಆ ದಿನ ಮಗಳು ರಜೆ ಹಾಕಿದ್ದಳು. ಸೆಕ್ರೆಟರಿ ಪಂಪು ನಿಲ್ಲಿಸಿ ಕಲಾಪ ಆರಂಭಿಸಿದರು. ಹೆಡ್‌ಮಾಸ್ತರರು ಎದ್ದರು. ಕೈಯಲ್ಲಿ ಪುಸ್ತಕವಿತ್ತು.

"ನನ್ನ ಆಯುಷ್ಯದಲ್ಲಿ ಇಂಥ ಅನ್ಯಾಯ ಕಂಡಿಲ್ಲ," ಅಂದರು. "ಪುಟ ಒಂದರಿಂದ ನೂರ ಹದಿನಾಲ್ಕರವರೆಗೆ ತಾಳೆ ನೋಡಿದ್ದೀನಿ. ಮೂರು ಸಾವಿರದ ಇನ್ನೂರ ಆರು ಕಡೆ ಪುಲ್ಲಿಂಗವನ್ನು ಸ್ತ್ರೀಲಿಂಗ ಮಾಡಿ ಓದಿದ್ದಾರೆ. ಬರೆದವರು ಒಂದು ಬರೆದರೆ ಇವರು ಇನ್ನೊಂದು ಓದೋದೇ? ದಂತವೈದ್ಯ ಗಂಡಸು. ಗಂಡಸಿಗೆ ಗಡ್ಡ ಬರುತ್ತೆ. ನಾನು ಮೂರು ದಿನ ನಿದ್ದೆ ಮಾಡಿಲ್ಲ."

ಸಭೆಗೆ ಇದನ್ನು ಅರಗಿಸಿಕೊಳ್ಳಲು ಹೊತ್ತು ಹಿಡಿಯಿತು. ಮೊದಲು ಅರಗಿದ್ದು ಸೆಕ್ರೆಟರಿಗೆ.

"ಒಂದ್ನಿಮಿಷ. ಹಾಗಾದ್ರೆ ದೋಣಿಯವನೂ ಗಂಡಸು, ಹಲ್ಲಿನವನೂ ಗಂಡಸು. ಇಬ್ಬರು ಗಂಡಸರ ಪ್ರೇಮಕಥೆನಾ ನಾವಿಷ್ಟು ದಿನ ಕೇಳಿದ್ದು? ಇದು ಸಂಸಾರಸ್ಥರ ಕಟ್ಟಡ. ತಕ್ಕಡಿಯಪ್ಪನವರೇ, ಏನ್ರೀ ಇದು?"

ತಕ್ಕಡಿಯಪ್ಪ ಎದ್ದ. ಕಾಗದ ಬಿಡಿಸಿದ. "ಸದರಿ ಪುಸ್ತಕವು ನನ್ನ ಅ..." ಎಂದು ಓದಿ ತಲೆಯೆತ್ತಿದ. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು, ಸಾಕ್ಷಿಯ ಮಾತು ಬರೆದುಕೊಳ್ಳಲು ಕೂತವರಂತೆ ಕಿವಿಯನ್ನು ಅವನ ಕಡೆಗೆ ತಿರುಗಿಸಿದ್ದರು.

"ನನ್ನ ಅ..." ಅಂದ ಮತ್ತೆ. "...ಅಚ್ಚುಮೆಚ್ಚಿನದು."

ಕಾಗದ ಮಡಚಿಟ್ಟ. ಮುಂದೆ ಏನು ಹೇಳಬೇಕೆಂದು ಬರೆದುಕೊಂಡಿರಲಿಲ್ಲವಾದ್ದರಿಂದ ಬಾಯಿಗೆ ಬಂದದ್ದು ಹೇಳಿದ.

"ಪುಸ್ತಕ ನಂದೇ. ನಾನೇ ತಂದಿದ್ದು. ಇದು ಏಳನೇದು. ಗಡ್ಡದ ವಿಷಯದಲ್ಲಿ ನಂದೇ ತಪ್ಪು, ಹೆದರ್ಕೊಂಡೆ. ಆದ್ರೆ ಓದಿದ್ದಕ್ಕೆ ತಪ್ಪು ಅನ್ನಲ್ಲ. ಇದರಲ್ಲಿ ಜಗಳ ಆದ್ರೆ ಇನ್ನೂರು ಪುಟದೊಳಗೆ ಯಾರಾದ್ರೂ ಒಬ್ಬರು ಬಂದು ತಪ್ಪಾಯ್ತು ಅಂತಾರೆ ಸಾರ್. ನಮ್ಮನೇಲಿ ಹತ್ತೊಂಬತ್ತು ವರ್ಷದಿಂದ ನಾನು ಅಂದಿರಲಿಲ್ಲ. ಹೇಗೆ ಅನ್ನಬೇಕು ಅಂತಾನೇ ಗೊತ್ತಿರಲಿಲ್ಲ. ಇವರು ಹೇಳಿಕೊಟ್ರು. ನಂಗೆ ಇವರಿಬ್ಬರ ಮೇಲೆ ಋಣ ಇದೆ."

"ಅವರ ಮೇಲೆ ನಿಮಗಲ್ಲ, ನಿಮ್ಮ ಮೇಲೆ ಅವರ ಋಣ," ಎಂದು ಹೆಡ್‌ಮಾಸ್ತರರು ತಿದ್ದಿದರು. ಆಮೇಲೆ ದನಿ ಇಳಿಸಿ, "ಅಷ್ಟು ಹೆದರಿಕೆ ಇದ್ದಿದ್ದರೆ ಒಂದು ದಾರಿ ಇತ್ತಲ್ರೀ. ಬಹುವಚನ. 'ಅವರು ಬಂದರು, ಅವರು ನಕ್ಕರು' ಅಂತ ಓದಿದ್ದರೆ ಗಂಡೋ ಹೆಣ್ಣೋ ಯಾರಿಗೆ ತಿಳೀತಿತ್ತು? ಸುಳ್ಳೂ ಆಗ್ತಿರಲಿಲ್ಲ."

"ಅದು ಕಷ್ಟ ಸಾರ್."

ಹಿಂದಿನ ಸಾಲಿನಿಂದ ಬಂದ ಮಾತು. ಔಷಧಿ ಅಂಗಡಿಯವರು ಎದ್ದು ನಿಂತಿದ್ದರು.

"ಬಹುವಚನದಲ್ಲಿ ಬಹಳ ದಿನ ಇರೋದು ಕಷ್ಟ," ಅಂದರು. "ನಾನು ಹನ್ನೊಂದು ವರ್ಷ ಇದ್ದೀನಿ. 'ನಮ್ಮನೆಯವರಿಗೆ ಬೇರೆ ಊರಲ್ಲಿ ಕೆಲಸ, ನಮ್ಮನೆಯವರು ಶನಿವಾರ ಬರ್ತಾರೆ.' ಸುಳ್ಳಲ್ಲ. ಆದ್ರೆ ಸುಸ್ತಾಗುತ್ತೆ."

ಶನಿವಾರ ಶನಿವಾರ ಔಷಧಿ ಅಂಗಡಿಯವರ ಮನೆಗೆ ಬರುತ್ತಿದ್ದವರು ಯಾರೆಂದು ಕಟ್ಟಡಕ್ಕೆಲ್ಲ ಗೊತ್ತಿತ್ತು. ಎತ್ತರದ, ಕನ್ನಡಕದ ಒಬ್ಬ ಗಂಡಸು. ಹೆಂಡತಿಯ ಅಣ್ಣನಿರಬೇಕೆಂದು ಎಲ್ಲರೂ ಎಂದೋ ತೀರ್ಮಾನಿಸಿ, ಹೆಂಡತಿ ಮಾತ್ರ ಯಾಕೆ ಬರುವುದಿಲ್ಲವೆಂದು ಕೇಳುವುದು ಸಭ್ಯತೆಯಲ್ಲವೆಂದು ಸುಮ್ಮನಿದ್ದರು. ಈಗ ಒಬ್ಬೊಬ್ಬರ ಮುಖದಲ್ಲೂ ದೀಪ ಹತ್ತುತ್ತ ಹೋಯಿತು. ಟೈಲರಮ್ಮನ ಕೈ ಬಾಯಿಗೆ ಹೋಯಿತು. ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು.

ಅರ್ಥವಾಗದೆ ಉಳಿದವನು, ಇಂಥವೇ ಏಳು ಕಾದಂಬರಿ ಓದಿದ್ದ ತಕ್ಕಡಿಯಪ್ಪ ಒಬ್ಬನೇ.

"ಓಹೋ, ನಿಮ್ಮ ಮಿಸೆಸ್ಸೂ ವ್ಯಾಕರಣದ ಮೇಡಮ್ಮಾ?" ಎಂದು ಕೇಳಿದ.

"ಅಳಿಯಂದಿರೇ," ಅಂದರು ಅತ್ತೆ, "ಕೂತ್ಕೊಳ್ಳಿ."

ಹೆಂಡತಿ ಅವನ ತೋಳು ಹಿಡಿದು ಕೂರಿಸಿ, ಕಿವಿಯಲ್ಲಿ ಎರಡು ಮಾತು ಹೇಳಿದಳು. ತಕ್ಕಡಿಯಪ್ಪನ ಬಾಯಿ ತೆರೆದದ್ದು ತೆರೆದಂತೇ ಇತ್ತು. ನಂತರ ಅವನು ಹಿಂದಕ್ಕೆ ತಿರುಗಿ ಔಷಧಿ ಅಂಗಡಿಯವರನ್ನು ನೋಡಿದ ನೋಟದಲ್ಲಿ, ಮೆಚ್ಚಿದ ಪುಸ್ತಕದ ನಾಯಕನನ್ನು ಬಸ್ ನಿಲ್ದಾಣದಲ್ಲಿ ಕಂಡವನ ಸಂಭ್ರಮವಿತ್ತು.

ಸೆಕ್ರೆಟರಿ ಗಂಟಲು ಸರಿಮಾಡಿಕೊಂಡರು. "ಅದು... ನಾನು ಹೇಳಿದ್ದು ಸಾಮಾನ್ಯವಾಗಿ..."

"ನೀವು ಸಾಮಾನ್ಯವಾಗಿ ಬಿದ್ದು ಸೊಂಟ ಮುರ್ಕೊಂಡಾಗ ದಿನಾ ಮನೆಗೆ ಬಂದು ಇಂಜೆಕ್ಷನ್ ಕೊಟ್ಟೋರು ಯಾರು?" ಅಂದಳು ಟೈಲರಮ್ಮ. "ಸಂಸಾರಸ್ಥರ ಕಟ್ಟಡ ಅಂದ್ರಲ್ಲ, ಅವರದೂ ಸಂಸಾರವೇ. ಹನ್ನೊಂದು ವರ್ಷದ್ದು. ಅದಿರಲಿ, ನಂಗೆ ಒಂದು ಹೇಳಿ. ದೋಣಿಯವನು ಸಿಟ್ಟು ಮಾಡ್ಕೊಂಡು ಹೋದನಲ್ಲ, ವಾಪಸ್ ಬರ್ತಾನೋ ಇಲ್ವೋ?"

ಹದಿನೇಳು ಜನವೂ ಹೆಡ್‌ಮಾಸ್ತರರ ಕೈಲಿದ್ದ ಪುಸ್ತಕದತ್ತ ನೋಡಿದರು. ನೂರ ಹದಿನಾಲ್ಕನೇ ಪುಟದವರೆಗೆ ತಾಳೆ ನೋಡಿದ್ದೇನೆ ಎಂದಿದ್ದವರ ಬೆರಳು ನೂರ ಐವತ್ತರ ಹತ್ತಿರ ಸಿಕ್ಕಿಕೊಂಡಿತ್ತು.

"ನಾನು ಹೇಳಬಾರದು," ಅಂದರು ಅವರು. ಕಿವಿ ಕೆಂಪಾಗಿತ್ತು. "ಕ್ರಮವಾಗಿ ಕೇಳಿ."

ಓದು ಮುಂದುವರಿಯಲಿ ಅನ್ನುವವರು ಕೈ ಎತ್ತಬೇಕೆಂದು ಸೆಕ್ರೆಟರಿ ಹೇಳಿದರು. ಎತ್ತದವರು ಯಾರೂ ಇರಲಿಲ್ಲ. ಸೆಕ್ರೆಟರಿಯ ಕೈ ಮೊದಲು ಭುಜದವರೆಗೆ ಬಂದು, ಟೈಲರಮ್ಮನ ಕಣ್ಣು ಕಂಡು ಪೂರ್ತಿ ಮೇಲಕ್ಕೆ ಹೋಯಿತು. ನಡಾವಳಿ ಪುಸ್ತಕದಲ್ಲಿ ಆ ದಿನದ ಠರಾವು ಈಗಲೂ ಇದೆ: "ಮೂರನೇ ಮಹಡಿಯಲ್ಲಿ ಗ್ರಂಥವನ್ನು ಅದು ಇದ್ದ ಲಿಂಗದಲ್ಲೇ ಓದತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಪಂಪು ಪುನಃ ಚಾಲೂ ಮಾಡಲಾಯಿತು."

ಶನಿವಾರ ಔಷಧಿ ಅಂಗಡಿಯವರು ಎರಡು ಕುರ್ಚಿ ತಂದರು. ಜೊತೆಯಲ್ಲಿ ಎತ್ತರದ ಗಂಡಸು. ಸೇತುವೆಗಳ ಬಿರುಕು ಪರೀಕ್ಷಿಸುವುದು ಅವರ ಕೆಲಸವಂತೆ. ಬಾಗಿಲಲ್ಲಿ ಒಂದು ಕ್ಷಣ ತಡೆದು ನಿಂತರು.

"ಇವರು ನಮ್ಮನೆಯವರು," ಅಂದರು ಔಷಧಿ ಅಂಗಡಿಯವರು.

"ಗೊತ್ತಾಯ್ತು, ಒಳಗೆ ಬನ್ನಿ," ಅಂದಳು ಟೈಲರಮ್ಮ, ತನ್ನ ಕುರ್ಚಿ ಎಳೆದು ಜಾಗ ಮಾಡುತ್ತ. "ಮಾತಾಡಬೇಡಿ. ದೋಣಿಯವನು ಇವತ್ತು ಬರೋ ಹಾಗಿದೆ."

ತಕ್ಕಡಿಯಪ್ಪ ಓದಿದ. ಎರಡು ಗಂಟೆ, ಒಂದೇ ಒಂದು ಬಾಲವನ್ನೂ ತಿರುಚದೆ ಓದಿದ. ದೋಣಿಯವನು ಬಂದ. ದಂತವೈದ್ಯ ಬಾಗಿಲು ತೆರೆದ. ಅವನು ತಪ್ಪಾಯ್ತು ಅಂದ, ಇವನು ನನ್ನದೂ ಅಂದ. ಸೇತುವೆಯವರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಬಹಳ ಹೊತ್ತು ಮತ್ತೆ ಹಾಕಿಕೊಳ್ಳಲಿಲ್ಲ. ಹೋಗುವಾಗ ತಕ್ಕಡಿಯಪ್ಪನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಚೆನ್ನಾಗಿ ಓದ್ತೀರಿ," ಎಂದಷ್ಟೇ ಹೇಳಿದರು.

ಆ ತಿಂಗಳ ಕೊನೆಗೆ ಅತ್ತೆಯ ಕಣ್ಣು ಪೂರ್ತಿ ತಿಳಿಯಾಯಿತು. ಅವರು ಹೊಸ ಕನ್ನಡಕ ಹಾಕಿಕೊಂಡು ಮೊದಲು ಓದಿದ್ದು ಅಳಿಯ ಬರೆದ ಕಾಗದವನ್ನು. ಬೇಕರಿಯ ಕಥೆ, ದೋಣಿಯ ಕಥೆ ಎರಡನ್ನೂ ಬರೆದವರಿಗೆ, ಪ್ರಕಾಶಕರ ವಿಳಾಸಕ್ಕೆ, ತಕ್ಕಡಿಯಪ್ಪ ತನಗೆ ಗೊತ್ತಿದ್ದ ಒಂದೇ ಶೈಲಿಯಲ್ಲಿ ಬರೆದಿದ್ದ:

"ಮಾನ್ಯರೇ, ವಿಷಯ: ಧನ್ಯವಾದ ಸಲ್ಲಿಸುವ ಕುರಿತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಕಾದಂಬರಿಗಳನ್ನು ನಮ್ಮ ಮನೆಯಲ್ಲಿ ಓದಲಾಗಿ, ನನ್ನ ಹೆಂಡತಿಯ ನೋವು ಯಾವ ಕಾಲಿನದೆಂದು ತಿಳಿದುಬಂದಿರುತ್ತದೆ. ಅತ್ತೆಯವರು ಬಹಳ ತಮಾಷೆಯ ಮನುಷ್ಯರೆಂಬುದು ಗಮನಕ್ಕೆ ಬಂದಿರುತ್ತದೆ. ನಮ್ಮ ಕಟ್ಟಡದಲ್ಲಿ ಇಬ್ಬರು ಈಗ ಒಟ್ಟಿಗೆ ಮೆಟ್ಟಿಲಿಳಿಯುತ್ತಾರೆ. ಇವೆಲ್ಲ ತಮಗೆ ಗೊತ್ತಿರಲಾರದೆಂದು ಭಾವಿಸಿ ತಿಳಿಸಲಾಗಿದೆ. ಉತ್ತರದ ಅವಶ್ಯಕತೆ ಇರುವುದಿಲ್ಲ. ಮುಂದಿನ ಪುಸ್ತಕದ ಅವಶ್ಯಕತೆ ಇರುತ್ತದೆ."

"'ತಿಳಿಸಲಾಗಿದೆ' ಅಂದ್ರೆ ಯಾರು ತಿಳಿಸಿದ್ದು?" ಅಂದರು ಅತ್ತೆ.

"ನಾನೇ."

"ಹಾಗಂತ ಬರೀರಿ."

ತಕ್ಕಡಿಯಪ್ಪ ಹೊಡೆದುಹಾಕಿ, "ನಾನು ತಿಳಿಸುತ್ತಿದ್ದೇನೆ" ಎಂದು ಬರೆದು ಸಹಿ ಹಾಕಿದ. ಅತ್ತೆ ಪೆನ್ನು ಇಸಿದುಕೊಂಡು ಅದರ ಕೆಳಗೆ ತಾವೂ ಹಾಕಿದರು. ಪಾಳಿಗೆ ಹೊರಟಿದ್ದ ಹೆಂಡತಿ ಬಾಗಿಲಲ್ಲೇ ನಿಂತು ಹಾಕಿದಳು. ಕಾಗದ ಮೆಟ್ಟಿಲಿಳಿದು, ಟೈಲರಮ್ಮನ ಯಂತ್ರದ ಮೇಲೆ ಸ್ವಲ್ಪ ಹೊತ್ತು ಇದ್ದು, ಹೆಡ್‌ಮಾಸ್ತರರ ಮನೆಯಲ್ಲಿ ಎರಡು ಅಲ್ಪವಿರಾಮ ಸೇರಿಸಿಕೊಂಡು, ಹಿಂಬದಿಗೂ ಸಹಿ ತುಂಬಿಸಿಕೊಂಡು ಸಂಜೆಗೆ ವಾಪಸ್ಸು ಬಂತು. ಪ್ರತಿ ಸಹಿಯ ಮುಂದೆ ಮನೆಯ ನಂಬರು ಬರೆದಿರಬೇ‌ಕೆಂದು ಸೆಕ್ರೆಟರಿ ಗೆರೆ ಎಳೆದುಕೊಟ್ಟಿದ್ದರು. ಕೊನೆಯ ಎರಡು ಸಹಿಗಳ ಮುಂದೆ ಇದ್ದದ್ದು ಒಂದೇ ನಂಬರು.